ಕೊಟ್ಟ ಕಾಲಾಳಿನ ಲೆಕ್ಕ: ವೇಗದ ಚದುರಂಗದ ಒಂದು ಚರಿತ್ರೆ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಹಾಕಿ. ಕೊಡಗಿನ ಶಾಲೆಯೊಂದರ ಆಟೋಟದ ಚರಿತ್ರೆ ಹಾಕಿಯಿಂದಲೇ ಆರಂಭವಾಗಬೇಕು. ಅದನ್ನು ಬರೆಯಲು ನನಗಿಂತ ಯೋಗ್ಯರು ಹಲವರಿದ್ದಾರೆ. ನಾನು ಮೈದಾನದಲ್ಲಿ ಹೆಸರು ಮಾಡಿದವನಲ್ಲ. ಜೂನ್ ತಿಂಗಳಿಂದ ಮೈದಾನ ಕೆರೆಯಾಗುತ್ತಿದ್ದಾಗ ಹಂಚಿನ ಮಾಡಿನ ಕೆಳಗೆ ಚದುರಂಗದ ಹಾಳೆ ಹರಡಿಕೊಂಡು ಕೂರುತ್ತಿದ್ದ ಐದಾರು ಮಕ್ಕಳಲ್ಲಿ ಒಬ್ಬ. ಆದ್ದರಿಂದ ನನಗೆ ಗೊತ್ತಿರುವ ಆಟದ ಬಗ್ಗೆಯೇ, ಅದರಲ್ಲೂ ಅದರ ಒಂದೇ ಒಂದು ಪಟ್ಟಿನ ಬಗ್ಗೆ ಬರೆಯುತ್ತೇನೆ. ಆಟದ ಆರಂಭದಲ್ಲೇ ಒಂದೋ ಎರಡೋ ಕಾಲಾಳುಗಳನ್ನು ಬೇಕೆಂದೇ ಎದುರಾಳಿಗೆ ಕೊಟ್ಟು, ಅದರ ಬದಲಿಗೆ ದಾಳಿಯ ಅವಕಾಶ ಪಡೆಯುವ ಪಟ್ಟು ಅದು. ಚೆಸ್ ಪುಸ್ತಕಗಳಲ್ಲಿ ಅದಕ್ಕೆ ಗ್ಯಾಂಬಿಟ್ ಎಂದು ಹೆಸರು. ಸಮಯ ಕಡಿಮೆ ಇರುವ ಆಟದಲ್ಲಿ ಇದಕ್ಕಿಂತ ಹರಿತವಾದ ಆಯುಧ ಇನ್ನೊಂದಿಲ್ಲ. ಹಿಡಿದವನ ಕೈಯನ್ನೇ ಇಷ್ಟು ಸಲ ಕೊಯ್ದ ಆಯುಧವೂ ಇನ್ನೊಂದಿಲ್ಲ.

ನಾನು ಎಂಟನೇ ತರಗತಿಗೆ ಸೇರಿದ್ದು 1986ರಲ್ಲಿ. ಮರುವರ್ಷ ಮದರಾಸಿನ ಹುಡುಗ ವಿಶ್ವನಾಥನ್ ಆನಂದ್ ಫಿಲಿಪ್ಪೀನ್ಸಿನಲ್ಲಿ ವಿಶ್ವ ಜೂನಿಯರ್ ಪಟ್ಟ ಗೆದ್ದರು. ಭಾರತದವರೊಬ್ಬರು ಆ ಪಟ್ಟ ಗೆದ್ದದ್ದು ಅದೇ ಮೊದಲು. 1988ರಲ್ಲಿ ಅವರು ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಉಳಿದವರು ಗಂಟೆಗಟ್ಟಲೆ ಯೋಚಿಸುವ ಕಡೆ ಈ ಹುಡುಗ ನಿಮಿಷಗಳಲ್ಲಿ ಆಡಿ ಎದ್ದು ಓಡಾಡುತ್ತಾನೆ ಎಂಬುದೇ ನಮಗೆ ದೊಡ್ಡ ಸುದ್ದಿ. ಅಲ್ಲಿಂದ ಮುಂದೆ ನಮ್ಮಲ್ಲೂ ಯಾರಿಗೂ ನಿಧಾನ ಆಡಲು ಮನಸ್ಸಿರಲಿಲ್ಲ.

ನಮ್ಮಲ್ಲಿ ಚೆಸ್ ಗಡಿಯಾರ ಇರಲಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಮೇಜಿನ ಮೇಲೆ ಸೀಸದ ಕಡ್ಡಿಯಿಂದ ತಟ್ಟುತ್ತಾ ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದರು. ಹತ್ತು ಆಗುವುದರೊಳಗೆ ನಡೆ ಆಗಬೇಕು, ಇಲ್ಲವಾದರೆ ಸೋಲು. ಮಳೆ ಜೋರಾಗಿ ಹಂಚಿನ ಮೇಲೆ ಬೀಳತೊಡಗಿದರೆ ಎಣಿಕೆಯೇ ಕೇಳಿಸುತ್ತಿರಲಿಲ್ಲ. ಆಗ ಮೇಷ್ಟ್ರ ಕಡ್ಡಿಯನ್ನೇ ನೋಡಿ ಆಡಬೇಕಿತ್ತು. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ನನ್ನ ಗೆಳೆಯನೊಬ್ಬ ಆ ಗುಂಪಿನಲ್ಲಿದ್ದ. ನಮ್ಮೆಲ್ಲರಿಗಿಂತ ಆಳವಾಗಿ ಆಟ ನೋಡಬಲ್ಲವನು. ಆದರೆ ಅವನಿಗೆ ಹತ್ತು ಎಣಿಕೆ ಸಾಲುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನ ಕೈಗೆ ರಟ್ಟು ಹರಿದುಹೋಗಿದ್ದ ಒಂದು ಇಂಗ್ಲಿಷ್ ಚೆಸ್ ಪುಸ್ತಕ ಸಿಕ್ಕಿತು. ಅದರಲ್ಲಿದ್ದ ಡ್ಯಾನಿಷ್ ಗ್ಯಾಂಬಿಟ್ ಅನ್ನು ಕಂಠಪಾಠ ಮಾಡಿದೆ. ಓದುಗರಿಗೆ ಅದನ್ನು ತೋರಿಸಿಬಿಡುತ್ತೇನೆ. ಮಣೆಯ ಉದ್ದಸಾಲುಗಳಿಗೆ ಎ ಯಿಂದ ಎಚ್ ವರೆಗೆ ಅಕ್ಷರಗಳು, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿಗಳು. ಬಿಳಿ ತನ್ನ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ಇಡುತ್ತದೆ, ಕಪ್ಪು ಇ5ಕ್ಕೆ. ಬಿಳಿ ಡಿ4ಕ್ಕೆ ಇನ್ನೊಂದು ಕಾಲಾಳು ತಳ್ಳುತ್ತದೆ, ಕಪ್ಪು ಅದನ್ನು ಹೊಡೆಯುತ್ತದೆ. ಬಿಳಿ ಸಿ3ಕ್ಕೆ ಮತ್ತೊಂದನ್ನು ತರುತ್ತದೆ, ಕಪ್ಪು ಅದನ್ನೂ ಹೊಡೆಯುತ್ತದೆ. ಬಿಳಿ ಅದಕ್ಕೆ ಗಮನವನ್ನೇ ಕೊಡದೆ ಒಂಟೆಯನ್ನು ಸಿ4ಕ್ಕೆ ತರುತ್ತದೆ. ಕಪ್ಪು ಬಿ2ರಲ್ಲಿರುವ ಮೂರನೆಯ ಕಾಲಾಳನ್ನೂ ತಿನ್ನುತ್ತದೆ. ಬಿಳಿಯ ಎರಡನೇ ಒಂಟೆ ಆ ತಿಂದ ಕಾಲಾಳನ್ನು ಹೊಡೆದು ಬಿ2ರಲ್ಲಿ ಕೂರುತ್ತದೆ. ಐದು ನಡೆಗಳಲ್ಲಿ ಬಿಳಿಗೆ ನಿವ್ವಳ ಎರಡು ಕಾಲಾಳು ನಷ್ಟ. ಆದರೆ ಅದರ ಎರಡು ಒಂಟೆಗಳೂ ಎರಡು ಬಂದೂಕುಗಳಂತೆ ಕಪ್ಪು ರಾಜನ ಮನೆಯತ್ತ ಗುರಿಯಿಟ್ಟು ನಿಂತಿರುತ್ತವೆ. ಕಪ್ಪಿನ ಒಂದು ಕಾಯೂ ಇನ್ನೂ ಮನೆಯಿಂದ ಹೊರಬಂದಿರುವುದಿಲ್ಲ.

ಹತ್ತು ಎಣಿಕೆಯ ಆಟದಲ್ಲಿ ಇದು ಬ್ರಹ್ಮಾಸ್ತ್ರವಾಗಿತ್ತು. ನನ್ನ ನಡೆಗಳು ಮೊದಲೇ ತಲೆಯಲ್ಲಿರುತ್ತಿದ್ದವು, ಎದುರಾಳಿ ತನ್ನ ನಡೆಗಳನ್ನು ಕೂತಲ್ಲೇ ಹುಡುಕಬೇಕು. ಇಡೀ ಒಂದು ಮಳೆಗಾಲ ನಾನು ಸೋಲಲಿಲ್ಲ. ಕಾಲಾಳು ಎಂದರೆ ಬಿಸಾಡಲಿಕ್ಕೆ ಇರುವ ವಸ್ತು ಎಂದೇ ತಿಳಿದುಕೊಂಡೆ.

ಈ ಪಟ್ಟು ನಮ್ಮ ನೆಲದ ಚದುರಂಗದಲ್ಲಿ ಇತ್ತೇ ಎಂಬ ಪ್ರಶ್ನೆ ನನಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಕನ್ನಡ ನಾಡಿಗೆ ಈ ಆಟ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ನಡುವೆ ಚದುರಂಗದ ವಿವರವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಮಣೆಯಾಟಗಳ ಮಹಾಪ್ರೇಮಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ರಾಜ್ಯಭಾರವಿಲ್ಲದ ಆ ದೊರೆ ಗ್ರಂಥ, ಚಿತ್ರ, ಆಟಗಳಲ್ಲಿ ಮನಸ್ಸಿಟ್ಟರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. 64 ಮನೆಗಳಲ್ಲೂ ಕುದುರೆ ಒಂದೊಂದು ಸಲ ಮಾತ್ರ ಇಳಿದು ಹೋಗುವ ನಡೆಗಳನ್ನು ರಚಿಸುವುದರಲ್ಲಿ ಅವರು ನಿಪುಣರು.

ಆದರೆ ಆ ಹಳೆಯ ಆಟದ ನಿಯಮಗಳು ಇಂದಿನವಲ್ಲ. ಊರಿಂದ ಊರಿಗೆ ಸಣ್ಣ ವ್ಯತ್ಯಾಸಗಳಿದ್ದರೂ ದೇಶೀ ಆಟದಲ್ಲಿ ಸಾಮಾನ್ಯವಾಗಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಇಂದಿನ ಹಾಗೆ ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸುವ ಕೋಟೆ ಕಟ್ಟುವಿಕೆ ಇಲ್ಲ. ಬದಲಿಗೆ ರಾಜ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದು. ಹೀಗಿರುವಾಗ ಎರಡು ಸೈನ್ಯಗಳು ಮುಖಾಮುಖಿಯಾಗುವುದಕ್ಕೇ ಎಷ್ಟೋ ನಡೆಗಳು ಬೇಕು. ಎರಡನೆಯ ನಡೆಯಲ್ಲೇ ಕಾಲಾಳನ್ನು ಬಲಿ ಕೊಟ್ಟು ಬಾಗಿಲು ತೆರೆಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮ ಅಜ್ಜಂದಿರು ಮೊದಲು ಮನೆ ಕಟ್ಟಿಕೊಂಡು ಆಮೇಲೆ ಯುದ್ಧಕ್ಕೆ ಹೊರಡುತ್ತಿದ್ದರು. ಈ ದೇಶೀ ಆಟದಲ್ಲೇ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಕ್ಯಾಪಬ್ಲಾಂಕನನ್ನೇ ಸೋಲಿಸಿದರು. ಅವರಿಗೆ ಕಷ್ಟವಾಗುತ್ತಿದ್ದದ್ದು ಆಟದ ಆರಂಭ, ಬಲವಿದ್ದದ್ದು ಆಟದ ನಡುವೆ ಮತ್ತು ಕೊನೆಯಲ್ಲಿ.

ಯುರೋಪಿನಲ್ಲಿ 15ನೇ ಶತಮಾನದ ಕೊನೆಯ ಹೊತ್ತಿಗೆ ಮಂತ್ರಿಗೂ ಒಂಟೆಗೂ ದೂರದ ಓಟ ಸಿಕ್ಕಿತು. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಹಕ್ಕು ಆಗಲೇ ಇತ್ತು. ಆಟಕ್ಕೆ ಒಮ್ಮೆಲೇ ವೇಗ ಬಂತು. 1561ರಲ್ಲಿ ಸ್ಪೇನಿನ ಪಾದ್ರಿ ರುಯ್ ಲೋಪೆಜ್ ತನ್ನ ಪುಸ್ತಕದಲ್ಲಿ ಕಾಲಾಳು ಕೊಡುವ ಈ ಪಟ್ಟಿಗೆ ಗ್ಯಾಂಬಿಟ್ ಎಂಬ ಹೆಸರು ಬಳಸಿದ. ಅದು ಇಟಲಿಯ ಮಾತಿನಿಂದ ಬಂದದ್ದು, ಅರ್ಥ ಕಾಲು ತೊಡರಿಸಿ ಬೀಳಿಸುವುದು. ನಮ್ಮ ಗರಡಿಯ ಪೈಲ್ವಾನರಿಗೆ ಬೇರೆ ವಿವರಣೆ ಬೇಕಿಲ್ಲ.

ಕೊಡಗಿನವರಾದ ನಮಗೆ 1834 ಮರೆಯಲಾಗದ ವರ್ಷ. ಆ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿ ಸೇರಿತು. ಚಿಕ್ಕವೀರರಾಜೇಂದ್ರನ ಆಳ್ವಿಕೆ ಮುಗಿಯಿತು, ಮೇ ತಿಂಗಳಲ್ಲಿ ಕೊಡಗು ಕಂಪನಿಯ ಪಾಲಾಯಿತು. ಅದೇ ಜೂನ್‌ನಿಂದ ಅಕ್ಟೋಬರಿನವರೆಗೆ ಲಂಡನ್ನಿನಲ್ಲಿ ಫ್ರಾನ್ಸಿನ ಲಾ ಬೂರ್ಡೊನೆ ಮತ್ತು ಐರ್ಲೆಂಡಿನ ಮೆಕ್‌ಡೊನೆಲ್ ಎಂಬಿಬ್ಬರು 85 ಆಟಗಳ ದೊಡ್ಡ ಪಂದ್ಯಸರಣಿ ಆಡಿದರು. ಇವೆರಡಕ್ಕೂ ಸಂಬಂಧವಿಲ್ಲ. ನಮ್ಮ ಬೆಟ್ಟಗಳ ಮೇಲೆ ಅಷ್ಟು ದೊಡ್ಡ ಬದಲಾವಣೆ ಆಗುತ್ತಿದ್ದಾಗ ಜಗತ್ತಿನ ಚದುರಂಗ ಯಾವ ಹಂತದಲ್ಲಿತ್ತು ಎಂಬುದು ನೆನಪಿನಲ್ಲಿ ಉಳಿಯಲಿ ಎಂದು ಹೇಳಿದೆ. ಲಾ ಬೂರ್ಡೊನೆ 45 ಆಟ ಗೆದ್ದ, ಮೆಕ್‌ಡೊನೆಲ್ 27, ಉಳಿದ 13 ಸಮ. ಆ ಆಟಗಳಲ್ಲಿ ಇಬ್ಬರೂ ಮತ್ತೆ ಮತ್ತೆ ಕಾಲಾಳು ಕೊಟ್ಟು ದಾಳಿಗೆ ಇಳಿದರು.

ಅವರ ಕೈಯಲ್ಲಿದ್ದ ಹೊಸ ಆಯುಧ ಇವಾನ್ಸ್ ಗ್ಯಾಂಬಿಟ್. ವೇಲ್ಸ್ ನಾಡಿನ ಹಡಗಿನ ಕಪ್ತಾನ ವಿಲಿಯಂ ಡೇವಿಸ್ ಇವಾನ್ಸ್ 1820ರ ದಶಕದಲ್ಲಿ ಕಂಡುಕೊಂಡದ್ದು ಅದು. ಎರಡೂ ಕಡೆ ಕುದುರೆ ಮತ್ತು ಒಂಟೆ ಹೊರಬಂದ ಮೇಲೆ ಬಿಳಿ ನಾಲ್ಕನೆಯ ನಡೆಯಲ್ಲಿ ಬಿ4ಕ್ಕೆ ಕಾಲಾಳು ತಳ್ಳಿ ಕಪ್ಪು ಒಂಟೆಗೆ ಆಹಾರ ಕೊಡುತ್ತದೆ. ಒಂಟೆ ತಿಂದ ಕೂಡಲೇ ಸಿ3ಕ್ಕೆ ಇನ್ನೊಂದು ಕಾಲಾಳು ಬಂದು ಅದನ್ನು ಅಟ್ಟುತ್ತದೆ. ಒಂಟೆ ಓಡುವಷ್ಟರಲ್ಲಿ ಬಿಳಿ ಡಿ4ಕ್ಕೆ ಹೋಗಿ ಮಣೆಯ ನಡುವನ್ನು ಹಿಡಿಯುತ್ತದೆ. ಗಮನಿಸಿ, ಕಪ್ಪು ತಿನ್ನುವುದಕ್ಕೊಂದು ನಡೆ, ಓಡುವುದಕ್ಕೊಂದು ನಡೆ ಕಳೆಯಿತು. ಅಷ್ಟರಲ್ಲಿ ಬಿಳಿ ತನ್ನ ಕೆಲಸ ಮಾಡಿಕೊಂಡಿತು. ಒಂದು ಕಾಲಾಳಿಗೆ ಮೂರು ನಡೆ ಸಮ ಎಂಬುದು ಹಳೆಯ ಆಟಗಾರರ ಲೆಕ್ಕ. ಅಂದರೆ ಗ್ಯಾಂಬಿಟ್ ದಾನವಲ್ಲ, ವ್ಯಾಪಾರ. ಮರದ ತುಂಡು ಕೊಟ್ಟು ಸಮಯ ಕೊಳ್ಳುವುದು.

ಆ ವ್ಯಾಪಾರದ ವೈಭವದ ಕಾಲ 19ನೇ ಶತಮಾನದ ಮಧ್ಯಭಾಗ. 1851ರ ಜೂನ್ 21ರಂದು ಲಂಡನ್ನಿನಲ್ಲಿ ಜರ್ಮನಿಯ ಆಂಡರ್ಸನ್ ಕೀಸೆರಿಟ್ಸ್ಕಿಯ ವಿರುದ್ಧ ಎರಡನೆಯ ನಡೆಯಲ್ಲೇ ಎಫ್4 ಕಾಲಾಳನ್ನು ಒಡ್ಡಿದ. ಆಮೇಲೆ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಕೊಟ್ಟು ಉಳಿದ ಮೂರು ಸಣ್ಣ ಕಾಯಿಗಳಿಂದ ರಾಜನನ್ನು ಕಟ್ಟಿಹಾಕಿದ. ಅಮರ ಆಟ ಎಂದೇ ಅದು ಪ್ರಸಿದ್ಧ. ಆ ಕಾಲದಲ್ಲಿ ಕೊಟ್ಟದ್ದನ್ನು ತಿನ್ನದೆ ಬಿಡುವುದು ಹೇಡಿತನ ಎಂಬ ಭಾವನೆಯಿತ್ತು. ದಾಳಿಗಾರರು ಬದುಕಿದ್ದೇ ಆ ಭಾವನೆಯ ಮೇಲೆ.

ಆಗ ಗಡಿಯಾರವೂ ಇರಲಿಲ್ಲ. ಕೆಲವರು ಎದುರಾಳಿಗೆ ಬೇಸರ ಬರುವಷ್ಟು ಯೋಚಿಸುತ್ತಾ ಕೂರುತ್ತಿದ್ದರು. 1861ರಲ್ಲಿ ಆಂಡರ್ಸನ್ ಮತ್ತು ಕೋಲಿಶ್ ಮರಳು ಗಡಿಯಾರ ಇಟ್ಟುಕೊಂಡು ಆಡಿದರು, ಎರಡು ಗಂಟೆಗೆ 24 ನಡೆ. 1883ರ ಲಂಡನ್ ಪಂದ್ಯಾವಳಿಯಲ್ಲಿ ಒಂದು ನಿಂತರೆ ಇನ್ನೊಂದು ಓಡುವ ಜೋಡಿ ಗಡಿಯಾರ ಬಂತು. ಅಂದಿನಿಂದ ಚದುರಂಗದಲ್ಲಿ ಎರಡು ಬಗೆಯ ಸಮಯಗಳಾದವು. ಒಂದು ಮಣೆಯ ಮೇಲಿನ ಸಮಯ, ಅಂದರೆ ನಡೆಗಳು. ಇನ್ನೊಂದು ಗಡಿಯಾರದ ನಿಮಿಷಗಳು. ಈ ಎರಡನೆಯದು ಮುಂದೆ ಗ್ಯಾಂಬಿಟ್‌ನ ಬೆಲೆಯನ್ನೇ ಬದಲಿಸಿತು.

ಅದಕ್ಕೆ ಮೊದಲು ಗ್ಯಾಂಬಿಟ್ ಒಂದು ದೊಡ್ಡ ಸೋಲು ಕಂಡಿತು. 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಸ್ ಯೌವನದಲ್ಲಿ ತಾನೂ ದಾಳಿಗಾರನೇ. ಆದರೆ ಕಾಲಾಳು ಕಾಲಾಳೇ, ಸರಿಯಾಗಿ ರಕ್ಷಿಸಿಕೊಂಡರೆ ಅದು ಕೊನೆಗೆ ಗೆಲ್ಲಿಸುತ್ತದೆ ಎಂದು ಅವನು ಲೋಕಕ್ಕೆ ಕಲಿಸಿದ. ಅವನ ನಂತರ ಚಾಂಪಿಯನ್ ಆದ ಲಾಸ್ಕರ್ ಇನ್ನೂ ಜಾಣ. ಇವಾನ್ಸ್ ಗ್ಯಾಂಬಿಟ್‌ಗೆ ಅವನು ಕೊಟ್ಟ ಉತ್ತರ ಸರಳ: ಕಾಲಾಳನ್ನು ತೆಗೆದುಕೊಳ್ಳುವುದು, ಸಮಯ ನೋಡಿ ಅದನ್ನೇ ಹಿಂದಿರುಗಿಸುವುದು. ದಾಳಿಗೆಂದು ಸಜ್ಜಾಗಿ ನಿಂತವನ ಕೈಗೆ ಕೊಟ್ಟದ್ದೇ ವಾಪಸು ಬಂದರೆ ಅವನ ದಾಳಿಯ ಗಾಳಿ ಇಳಿಯುತ್ತದೆ. ಉಳಿಯುವುದು ಸಮ ಬಲ, ಮತ್ತು ಅವನ ಮುರಿದ ಕಾಲಾಳು ಸಾಲು. ಲಾಸ್ಕರ್‌ನ ನಂತರ ಇವಾನ್ಸ್ ಗ್ಯಾಂಬಿಟ್ ದೊಡ್ಡ ಪಂದ್ಯಗಳಿಂದ ಹೆಚ್ಚುಕಡಿಮೆ ಮರೆಯಾಯಿತು.

1918ರಲ್ಲಿ ನ್ಯೂಯಾರ್ಕಿನಲ್ಲಿ ಇದರ ಇನ್ನೊಂದು ಪರೀಕ್ಷೆ ನಡೆಯಿತು. ಅಮೆರಿಕದ ಫ್ರ್ಯಾಂಕ್ ಮಾರ್ಷಲ್ ಒಂದು ಕಾಲಾಳು ಕೊಟ್ಟು ಕ್ಯೂಬಾದ ಕ್ಯಾಪಬ್ಲಾಂಕನ ರಾಜನ ಮೇಲೆ ಮುಗಿಬಿದ್ದ. ಕ್ಯಾಪಬ್ಲಾಂಕ ಕಾಲಾಳು ತೆಗೆದುಕೊಂಡ, ಒಂದೊಂದೇ ನಡೆಯಾಗಿ ರಕ್ಷಣೆ ಹುಡುಕಿದ, ಗೆದ್ದ. ಆದರೂ ಮಾರ್ಷಲ್ ದಾಳಿ ಸಾಯಲಿಲ್ಲ. ನೂರು ವರ್ಷ ಕಳೆದರೂ ಅತಿರಥ ಮಹಾರಥರು ಅದನ್ನು ಆಡುತ್ತಿದ್ದಾರೆ. ಕ್ಯಾಪಬ್ಲಾಂಕನಿಗೆ ಆ ದಿನ ಯೋಚಿಸಲು ಗಂಟೆಗಳಿದ್ದವು. ಐದೇ ನಿಮಿಷ ಇದ್ದಿದ್ದರೆ ಏನಾಗುತ್ತಿತ್ತು?

ಈ ಪ್ರಶ್ನೆಯ ಉತ್ತರವೇ ವೇಗದ ಚದುರಂಗ. 1970ರಲ್ಲಿ ಯುಗೋಸ್ಲಾವಿಯದ ಹೆರ್ಸೆಗ್ ನೋವಿಯಲ್ಲಿ ಐದು ನಿಮಿಷದ ಆಟಗಳ ಪ್ರಸಿದ್ಧ ಪಂದ್ಯಾವಳಿ ನಡೆದಾಗ ಬಾಬ್ಬಿ ಫಿಷರ್ 22ಕ್ಕೆ 19 ಅಂಕ ಪಡೆದ. 1988ರಲ್ಲಿ ಮೆಕ್ಸಿಕೋದ ಮಸಾಟ್ಲಾನ್‌ನಲ್ಲಿ ಅರ್ಧ ಗಂಟೆಯ ಆಟಕ್ಕೆ ವಿಶ್ವ ಪಟ್ಟ ಇಟ್ಟಾಗ ಕಾರ್ಪೊವ್ ಗೆದ್ದ. ಈಗಿನ ವಿಶ್ವ ಪಂದ್ಯಾವಳಿಗಳಲ್ಲಿ ರ‍್ಯಾಪಿಡ್ ಎಂದರೆ ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಹೆಚ್ಚುವರಿ. ಬ್ಲಿಟ್ಜ್ ಎಂದರೆ 3 ನಿಮಿಷ ಮತ್ತು ನಡೆಗೆ 2 ಸೆಕೆಂಡು. ಇಂಥ ಆಟದಲ್ಲಿ ಗ್ಯಾಂಬಿಟ್ ಸಮಯವನ್ನು ಎರಡು ಸಲ ಕೊಳ್ಳುತ್ತದೆ. ಮಣೆಯ ಮೇಲೆ ಎರಡು ಮೂರು ನಡೆ ಸಿಗುತ್ತದೆ. ಗಡಿಯಾರದಲ್ಲಿ ಎದುರಾಳಿಯ ನಿಮಿಷಗಳು ಕರಗುತ್ತವೆ. ದಾಳಿ ಮಾಡುವವನು ತಪ್ಪಿದರೆ ಒಂದು ಕಾಲಾಳು ಹೋದೀತು, ರಕ್ಷಿಸುವವನು ತಪ್ಪಿದರೆ ರಾಜನೇ ಹೋಗುತ್ತಾನೆ. ಆದ್ದರಿಂದ ನಿಧಾನ ಆಟದಲ್ಲಿ ಸಂಶಯಾಸ್ಪದವಾದ ಬಲಿ ಕೂಡ ಮೂರು ನಿಮಿಷದ ಆಟದಲ್ಲಿ ಗೆಲ್ಲುತ್ತದೆ.

ನಿಧಾನ ಆಟದಲ್ಲೂ ಹಳೆಯ ಆಯುಧ ಒಮ್ಮೊಮ್ಮೆ ಹೊಳೆಯುವುದುಂಟು. 1960ರಲ್ಲಿ ಸ್ಪಾಸ್ಕಿ ಎರಡನೆಯ ನಡೆಯ ಎಫ್4 ಕಾಲಾಳಿನಿಂದಲೇ ಫಿಷರನನ್ನು ಸೋಲಿಸಿದ. ಸಿಟ್ಟಾದ ಫಿಷರ್ ಮರುವರ್ಷ ಆ ಗ್ಯಾಂಬಿಟ್ ಸತ್ತಿತೆಂದು ಸಾಧಿಸುವ ಲೇಖನವನ್ನೇ ಬರೆದ. ಮುಂದೆ ತಾನೇ ಅದನ್ನು ಆಡಿ ಗೆದ್ದ. 1995ರಲ್ಲಿ ರಿಗಾ ನಗರದಲ್ಲಿ ಕಾಸ್ಪರೋವ್ ಧೂಳು ಹಿಡಿದಿದ್ದ ಇವಾನ್ಸ್ ಗ್ಯಾಂಬಿಟ್ ಅನ್ನು ಹೊರತೆಗೆದಾಗ ಎದುರಿಗಿದ್ದವರು ನಮ್ಮ ಆನಂದ್. 25 ನಡೆಗಳಲ್ಲಿ ಆಟ ಮುಗಿಯಿತು. ವೇಗಕ್ಕೆ ಹೆಸರಾದವರನ್ನೂ ಆ ಕಪ್ತಾನನ ಕಾಲಾಳು ತೊಡರಿಸಿ ಬೀಳಿಸಿತು. ಆದರೆ ಅದೇ ಆನಂದ್ 2017ರಲ್ಲಿ, 48ನೇ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದರು. ಕೊನೇರು ಹಂಪಿ 2019ರಲ್ಲಿ ಮತ್ತು 2024ರಲ್ಲಿ ಮಹಿಳೆಯರ ರ‍್ಯಾಪಿಡ್ ಪಟ್ಟ ತಂದರು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಮುಮ್ಮಡಿಯವರ ಊರಿಗೇ ಆ ಗೌರವ ಸಿಕ್ಕಿದ್ದು ನನಗೆ ಸಂತೋಷ.

ಇನ್ನು ನನ್ನ ಕಥೆ. 1988ರಲ್ಲಿ ಮಡಿಕೇರಿಯಲ್ಲಿ ಶಾಲೆಗಳ ನಡುವಿನ ಚೆಸ್ ಪಂದ್ಯ ಎಂದು ಸುದ್ದಿ ಬಂತು. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ 15 ನಿಮಿಷದ ಆಟ. ಮೂವರ ಹೆಸರು ಖಚಿತವಾಗಿತ್ತು. ನಾಲ್ಕನೆಯವನು ಯಾರು ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಲೈನ್ ಮನೆಯ ಗೆಳೆಯ ಪಕ್ಕದಲ್ಲೇ ನಿಂತಿದ್ದ. ಇಡೀ ಶಾಲೆಯಲ್ಲಿ ನನ್ನ ಡ್ಯಾನಿಷ್‌ಗೆ ಹೆದರದವನು ಅವನೊಬ್ಬನೇ. ಒಂದು ದಿನ ಆಡುತ್ತಾ, "ತಗೊಂಡದ್ದನ್ನೆಲ್ಲ ಇಟ್ಟುಕೊಳ್ಳಲೇಬೇಕು ಅಂತ ಉಂಟಾ?" ಎಂದು ಕೇಳಿ ಒಂದು ಕಾಲಾಳನ್ನು ಹಿಂದಕ್ಕೆ ಕೊಟ್ಟುಬಿಟ್ಟಿದ್ದ. ಮುಂದಿನ ನಡೆ ಯೋಚಿಸುವಷ್ಟರಲ್ಲಿ ಹತ್ತು ಎಣಿಕೆ ಮುಗಿದು ಸೋತ. ನಾನು ನಕ್ಕಿದ್ದೆ. ಮೇಷ್ಟ್ರು ಕೇಳಿದಾಗ ಕೂಡ ನಾನು ತಡಮಾಡದೆ ಹೇಳಿದೆ, "ಅವನು ಬೇಡ ಸಾರ್, ನಿಧಾನ." ಅವನು ಏನೂ ಮಾತಾಡಲಿಲ್ಲ. ಛತ್ರಿ ತೆಗೆದುಕೊಂಡು ಮಳೆಯಲ್ಲೇ ಹೊರಟುಹೋದ.

ಮಡಿಕೇರಿಯಲ್ಲಿ ಮೊದಲ ಎರಡು ಸುತ್ತು ಸುಲಭವಾಗಿ ಗೆದ್ದೆ. ಮೂರನೆಯ ಸುತ್ತಿನಲ್ಲಿ ಎದುರು ಕುಳಿತವಳು ಇನ್ನೊಂದು ಶಾಲೆಯ ಹುಡುಗಿ. ನನಗೆ ಬಿಳಿ ಕಾಯಿ. ಇ4, ಡಿ4, ಸಿ3, ಒಂಟೆ ಸಿ4, ಒಂಟೆ ಬಿ2. ಎರಡು ಕಾಲಾಳು ಕೊಟ್ಟು ಹಿಂದಕ್ಕೆ ಒರಗಿ ಕುಳಿತೆ. ಅವಳು ಐದು ನಿಮಿಷ ಯೋಚಿಸಿದಳು. ನಾನು ಗಡಿಯಾರ ನೋಡಿ ಒಳಗೊಳಗೇ ಹಿಗ್ಗಿದೆ. ಆಮೇಲೆ ಅವಳು ಒಂದು ಕಾಲಾಳನ್ನು ಡಿ5ಕ್ಕೆ ತಳ್ಳಿದಳು. ಅದನ್ನು ಬೇಕೆಂದೇ ನನಗೆ ಕೊಡುತ್ತಿದ್ದಳು. ಒಂಟೆಯಿಂದ ಹೊಡೆದೆ. ಅವಳು ಕುದುರೆಯನ್ನು ಎಫ್6ಕ್ಕೆ ತಂದಳು. ನನಗೆ ದೊಡ್ಡ ನಿಧಿಯೇ ಕಂಡಿತು. ಒಂಟೆಯಿಂದ ಎಫ್7 ಕಾಲಾಳನ್ನು ಹೊಡೆದು ಶಾ ಕೊಟ್ಟೆ. ರಾಜ ಒಂಟೆಯನ್ನು ತಿಂದ. ಕಾವಲು ಕಳೆದುಕೊಂಡ ಅವಳ ಮಂತ್ರಿಯನ್ನು ನನ್ನ ಮಂತ್ರಿಯಿಂದ ಡಿ8ರಲ್ಲಿ ಹೊಡೆದೆ. ಅಕ್ಕಪಕ್ಕದವರಿಗೆ ಕೇಳುವಂತೆ ಹೊಡೆದೆ. ಅವಳು ಶಾಂತವಾಗಿ ಒಂಟೆಯನ್ನು ಬಿ4ಕ್ಕೆ ಇಟ್ಟಳು. ಶಾ. ಒಂಟೆ ದಾರಿಯಿಂದ ಸರಿದದ್ದರಿಂದ ಮೂಲೆಯ ಆನೆಯ ಕಣ್ಣಿಗೆ ನನ್ನ ಮಂತ್ರಿ ಬಿದ್ದಿತ್ತು. ಅದನ್ನು ಡಿ2ಕ್ಕೆ ತಂದು ರಾಜನಿಗೆ ಅಡ್ಡ ಇಟ್ಟು ಒಂಟೆಗೆ ಬದಲಾಗಿ ಒಪ್ಪಿಸದೆ ಬೇರೆ ದಾರಿಯಿರಲಿಲ್ಲ.

ಬಿರುಗಾಳಿ ನಿಂತ ಮೇಲೆ ಮಣೆ ಎಣಿಸಿದೆ. ಇಬ್ಬರಿಗೂ ಐದೈದು ಕಾಲಾಳು, ಎರಡೆರಡು ಆನೆ, ಎರಡೆರಡು ಕುದುರೆ, ಒಂದೊಂದು ಒಂಟೆ. ಪೂರಾ ಸಮ. ಈ ರಕ್ಷಣೆಗೆ ಆಸ್ಟ್ರಿಯದ ಕಾರ್ಲ್ ಶ್ಲೆಕ್ಟರ್ ಹೆಸರಿದೆ ಎಂದು ಆಮೇಲೆ ಓದಿ ತಿಳಿದೆ. 1910ರಲ್ಲಿ ಲಾಸ್ಕರ್‌ನೊಂದಿಗೆ ವಿಶ್ವ ಪಟ್ಟಕ್ಕೆ ಆಡಿ ಸಮ ಮಾಡಿಕೊಂಡವನು ಅವನು. ಮೊದಲ ಮಹಾಯುದ್ಧ ಮುಗಿದ ಕೆಲವೇ ವಾರಗಳಲ್ಲಿ, 1918ರ ಡಿಸೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ತೀರಿಕೊಂಡ.

ಸಮ ಎಂದೆನಲ್ಲ, ಆದರೆ ಕಾಲಾಳುಗಳು ನಿಂತ ಜಾಗ ಸಮವಾಗಿರಲಿಲ್ಲ. ಮಣೆಯ ಎಡಭಾಗದಲ್ಲಿ ಅವಳಿಗೆ ಎ, ಬಿ, ಸಿ ಸಾಲಿನ ಮೂರೂ ಕಾಲಾಳುಗಳಿದ್ದವು. ನನಗೆ ಅಲ್ಲಿದ್ದದ್ದು ಎ ಸಾಲಿನ ಒಂದೇ ಒಂದು. ಬಿ ಮತ್ತು ಸಿ ಸಾಲಿನವನ್ನು ನಾನೇ ಮೊದಲ ನಿಮಿಷದಲ್ಲಿ ಬಿಸಾಡಿದ್ದೆ. ಗಡಿಯಾರದಲ್ಲಿ ನನಗೆ ಅವಳಿಗಿಂತ ಹೆಚ್ಚು ಸಮಯ ಉಳಿದಿತ್ತು, ಆದರೆ ಆ ಸಮಯದಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಆನೆಗಳು ಹೋದವು, ಕುದುರೆಗಳು ಹೋದವು. ಅವಳ ಸಿ ಕಾಲಾಳು ಒಂದೊಂದೇ ಮನೆ ನಡೆದು ಬಂತು. ಅದರ ದಾರಿಯಲ್ಲಿ ನಿಲ್ಲಬೇಕಾಗಿದ್ದ ಕಾಲಾಳು ಪೆಟ್ಟಿಗೆಯ ಪಕ್ಕ ಮಲಗಿತ್ತು. ಕೊಟ್ಟ ಕಾಲಾಳಿನ ಲೆಕ್ಕ ಆಟದ ಕೊನೆಯಲ್ಲಿ ಬರುತ್ತದೆ ಎಂದು ಸ್ಟೈನಿಟ್ಸ್ ಕಲಿಸಿದ್ದನ್ನು ನಾನು ಮಡಿಕೇರಿಯ ಒಂದು ಬೆಂಚಿನ ಮೇಲೆ ಕುಳಿತು ಕಲಿತೆ.

ಬಸ್ಸಿನಲ್ಲಿ ಬರುವಾಗ ಮೇಷ್ಟ್ರು ಬೈಯಲಿಲ್ಲ. "ಇದೇ ಉತ್ತರ ನಿನಗೆ ಶಾಲೆಯಲ್ಲೇ ಯಾರೋ ತೋರಿಸಿದ್ದರಲ್ಲ?" ಎಂದಷ್ಟೇ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ನಾನು ಬಿಟ್ಟು ಹೋದ ಕಾಲಾಳು ಮಣೆಯ ಮೇಲಿನದಷ್ಟೇ ಅಲ್ಲ ಎಂದು ಅವತ್ತೇ ಗೊತ್ತಾಯಿತು. ಹೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನು ದುಡಿಮೆಗೆ ಹೋದ, ನಾನು ಕಾಲೇಜಿಗೆ ಹೋದೆ.

ಈ ವರ್ಷ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆ ಅವನೂ ಬಂದಿದ್ದ. ಸಭೆ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಅವನಿಗೆ ಈ ವಿಷಯ ಹೇಳಿದೆ, ಕ್ಷಮೆ ಕೇಳಿದೆ. ಅವನು ನಕ್ಕು, "ಅವತ್ತು ಮಡಿಕೇರಿಗೆ ಹೋಗಲಿಕ್ಕೆ ನನ್ನ ಹತ್ತಿರ ಬಸ್ ಚಾರ್ಜೇ ಇರಲಿಲ್ಲ ಮಾರಾಯ. ನೀನು ಹೇಳದಿದ್ದರೂ ನಾನು ಬರ್ತಿರಲಿಲ್ಲ" ಎಂದ. ಅದು ನಿಜವೋ, ಅಥವಾ ಹಳೆಯ ಅಭ್ಯಾಸದಂತೆ ನಾನು ಕೊಟ್ಟದ್ದನ್ನು ನನಗೇ ಹಿಂದಿರುಗಿಸಿದನೋ, ನನಗೆ ತಿಳಿಯಲಿಲ್ಲ. ಇದನ್ನು ಬರೆಯಲು ಒಪ್ಪಿದ, ಹೆಸರು ಮಾತ್ರ ಹಾಕಬೇಡ ಎಂದ.

ಈಗ ಶಾಲೆಯಲ್ಲಿ ಚೆಸ್ ಆಡುವ ಮಕ್ಕಳಿಗೆ ಒಂದೆರಡು ಮಾತು. ಗ್ಯಾಂಬಿಟ್ ಆಡಬೇಡಿ ಎಂದು ನಾನು ಹೇಳುವುದಿಲ್ಲ. ಆಡಿ. ಕಾಲಾಳು ಕೊಡಲು ಹೆದರುವವನಿಗೆ ದಾಳಿ ಎಂದರೇನೆಂದು ತಿಳಿಯುವುದೇ ಇಲ್ಲ. ಕಾಯಿಗಳನ್ನು ಬೇಗ ಹೊರತರುವುದು, ಮಣೆಯ ನಡುವನ್ನು ಹಿಡಿಯುವುದು, ರಾಜನತ್ತ ದಾರಿ ತೆರೆಯುವುದು, ಇವೆಲ್ಲವನ್ನೂ ಗ್ಯಾಂಬಿಟ್‌ನಷ್ಟು ಬೇಗ ಕಲಿಸುವ ಗುರು ಇನ್ನೊಬ್ಬನಿಲ್ಲ. ಆದರೆ ಕೊಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದಕ್ಕೆ ನನಗೆ ಎಷ್ಟು ನಡೆ ಸಿಗುತ್ತದೆ? ದಾಳಿ ಆರಿದರೆ ಈ ಸಾಲಿನಲ್ಲಿ ನನಗೆ ಯಾರಿರುತ್ತಾರೆ? ಎದುರಾಳಿ ಕೊಟ್ಟರೆ ತೆಗೆದುಕೊಳ್ಳಿ, ಆದರೆ ಹಿಂದಿರುಗಿಸಲು ಸಿದ್ಧರಾಗಿರಿ. ವೇಗದ ಆಟವನ್ನು ಗೆಲ್ಲುವವನು ಬೇಗ ಆಡುವವನಲ್ಲ, ಯಾವ ನಡೆಗೆ ನಿಮಿಷ ಖರ್ಚು ಮಾಡಬೇಕೆಂದು ಬಲ್ಲವನು. ಆ ಹುಡುಗಿ ತನ್ನ 15 ನಿಮಿಷಗಳಲ್ಲಿ ಐದನ್ನು ಒಂದೇ ನಡೆಗೆ ಕೊಟ್ಟಳು. ಆಟ ಗೆದ್ದದ್ದು ಆ ಐದು ನಿಮಿಷಗಳಲ್ಲೇ.

ಮಹೋತ್ಸವದ ನೆನಪಿಗೆ ನಾವಿಬ್ಬರೂ ಸೇರಿ ಶಾಲೆಗೆ ನಾಲ್ಕು ಮಣೆ ಮತ್ತು ಎರಡು ಗಡಿಯಾರ ಕೊಡುತ್ತಿದ್ದೇವೆ. ಎರಡು ಮಣೆಗಳಿಗೆ ಮಾತ್ರ ಗಡಿಯಾರ ಸಾಕು ಎಂದದ್ದು ಅವನು. ಉಳಿದ ಎರಡರಲ್ಲಿ ನಿಧಾನವಾಗಿ ಯೋಚಿಸುವ ಮಕ್ಕಳು ಆಡಲಿ. ತಂಡ ಆರಿಸುವಾಗ ಆ ಎರಡು ಮಣೆಗಳ ಕಡೆಗೂ ಒಮ್ಮೆ ನೋಡಬೇಕೆಂದು ಇಂದಿನ ಅಧ್ಯಾಪಕರಲ್ಲಿ ನನ್ನ ವಿನಂತಿ. ಐವತ್ತು ತುಂಬಿದ ನಮ್ಮ ಶಾಲೆಗೆ ಇನ್ನೂ ನೂರಾರು ಮಳೆಗಾಲಗಳು ಬರಲಿ, ಪ್ರತಿ ಮಳೆಗಾಲದಲ್ಲೂ ಆ ಹಂಚಿನ ಮಾಡಿನ ಕೆಳಗೆ ಮಣೆಗಳು ತೆರೆದಿರಲಿ.